ಮದರಂಗಿ ಹಚ್ಚಿದ ಕೈ

ಬಿಜ಼ರ್ತಾದ ಕಾಲುವೆ ಸೇತುವೆಯ ಮೇಲೆ ಇನ್ನೂ ಬಿಸಿಲು ಬಿದ್ದಿಲ್ಲ. ಮೃಗಾಲಯದ ಹಿಂಬಾಗಿಲು ಮಾತ್ರ ತೆರೆದಿದೆ. ಒಳಗೆ ಶಾದ್ಲಿಯಾ ಹಳೆಯ ಕಾಲುಚೀಲಗಳಿಗೆ ಸಾಬೂನಿನ ತುಂಡುಗಳನ್ನು ತುಂಬಿ, ಬಾಯಿಗೆ ಗಂಟು ಹಾಕಿ, ಸಾಲಾಗಿರುವ ನಲ್ಲಿಗಳಿಗೆ ಒಂದೊಂದನ್ನೇ ಕಟ್ಟುತ್ತಿದ್ದಾರೆ. ಸಾಬೂನನ್ನು ಹಾಗೇ ಇಟ್ಟರೆ ಮಕ್ಕಳು ಬಾತುಕೋಳಿ ಕೊಳಕ್ಕೆ ಎಸೆಯುತ್ತಾರೆ. ಒಂದು ಸಲ ಬಾತುಕೋಳಿಯೊಂದು ಅದನ್ನು ತಿಂದು ಸಂಜೆಯವರೆಗೂ ನೊರೆ ಕಾರಿತ್ತು. ಅಂದಿನಿಂದ ಈ ಕಾಲುಚೀಲದ ಉಪಾಯ ಜಾರಿಯಲ್ಲಿದೆ.

ಕುರಿ ನೋಡಿಕೊಳ್ಳುವ ಹಮ್ಮಾದಿ ಹುಲ್ಲಿನ ಗಾಡಿ ತಳ್ಳಿಕೊಂಡು ಆ ದಾರಿಯಲ್ಲೇ ಬರುತ್ತಾನೆ. ದಿನವೂ ಏನಾದರೊಂದು ಕೆಣಕದೆ ಮುಂದೆ ಹೋಗುವ ಆಸಾಮಿ ಅಲ್ಲ.

“ಏನು ಶಾದ್ಲಿಯಾ, ನಲ್ಲೀನ ಮದುವೆಗೆ ಸಿಂಗರಿಸ್ತಿದ್ದೀಯಾ?”

“ನಿನ್ನ ಮದುವೆಗಂತೂ ಅಲ್ಲ. ನಿನ್ನ ಕತ್ತೇನೂ ನಿನ್ನ ಒಪ್ಪಲ್ಲ.”

“ಸಂಬಳ ಇಲ್ದೇನೇ ಇಷ್ಟು ಬೇಗ ಬರ್ತೀಯ. ಸಂಬಳ ಕೊಟ್ಟಿದ್ರೆ ಇಲ್ಲೇ ಮಲಗ್ತಿದ್ದೆಯೇನೋ.”

“ಸಂಬಳ ಕೊಟ್ಟಿದ್ರೆ ನಿನ್ನ ಹಾಗೆ ತಡವಾಗಿ ಬರ್ತಿದ್ದೆ.”

ಹಮ್ಮಾದಿ ನಗುತ್ತ ಗಾಡಿ ತಳ್ಳಿಕೊಂಡು ಕುರಿದೊಡ್ಡಿಯ ಕಡೆಗೆ ಹೋಗುತ್ತಾನೆ. ದೊಡ್ಡಿ ಕೂಗಳತೆಯಲ್ಲೇ ಇದೆ. ಶಾದ್ಲಿಯಾ ಮಾತ್ರ ಆ ಕಡೆ ತಲೆ ಎತ್ತಿ ನೋಡುವುದಿಲ್ಲ. ನೀವು ಇನ್ನು ಮುಂದೆ ನಲ್ಲಿಯ ಹತ್ತಿರ ಮಾತ್ರ ಇರಿ, ಪ್ರಾಣಿಗಳ ಬಳಿಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ ಎಂದು ಮೃಗಾಲಯದ ಬೇಸಿಗೆ ಶಿಬಿರದವರು ಹೇಳಿ ಒಂದು ವರ್ಷವಾಯಿತು. ಶಾದ್ಲಿಯಾ ಒಪ್ಪಿಕೊಂಡರು. ಅಂದಿನಿಂದ ಅವರಿಗೆ ಬೇಕಾಗಿದ್ದದ್ದು ಒಂದೇ. ಇಸ್ರಾ ಎಂಬ ಹುಡುಗಿ ಮತ್ತೆ ಶಿಬಿರಕ್ಕೆ ಬರಬೇಕು.

ಶಾದ್ಲಿಯಾ ಅವರಿಗೆ ಅರವತ್ತು ದಾಟಿದೆ. ಬದುಕಿನ ಹೆಚ್ಚಿನ ಪಾಲು ಬಂದರಿನ ಹಿಂದಿನ ಮೀನು ಡಬ್ಬಿ ಕಾರ್ಖಾನೆಯಲ್ಲಿ ಸಾರ್ಡೀನಿನ ತಲೆ ತೆಗೆಯುತ್ತ ಕಳೆದವರು. ಉಪ್ಪುನೀರು ಮತ್ತು ಕತ್ತಿ ಸೇರಿ ಅವರ ಬೆರಳುಗಳನ್ನು ಹೇಗೆ ಮಾಡಿಟ್ಟಿವೆಯೆಂದರೆ, ಚಳಿಗಾಲದಲ್ಲಿ ಸೂಜಿಗೆ ದಾರ ಪೋಣಿಸಲು ಮಗಳನ್ನೇ ಕರೆಯಬೇಕು. ಗಂಡ ಕಾಲುವೆಯ ದೋಣಿಯಲ್ಲಿ ಹಗ್ಗ ಹಿಡಿಯುತ್ತಿದ್ದ. ಎದೆನೋವು ಬಂದು ಅದೇ ದೋಣಿಯಲ್ಲಿ ತೀರಿಕೊಂಡ. ಕಾರ್ಖಾನೆಯಿಂದ ಬಿಡುಗಡೆಯಾದ ವರ್ಷ ಮೊಮ್ಮಗಳನ್ನು ಬಿಡಲು ಬೇಸಿಗೆ ಶಿಬಿರಕ್ಕೆ ಬಂದರು. ಆ ದಿನ ಒಬ್ಬ ಶಿಕ್ಷಕಿಗೆ ಜ್ವರ. ಅರ್ಧ ದಿನ ನಿಂತುಕೊಳ್ತೀರಾ ಎಂದು ಯಾರೋ ಕೇಳಿದರು. ಆ ಅರ್ಧ ದಿನ ಇನ್ನೂ ಮುಗಿದಿಲ್ಲ. ಮೊಮ್ಮಗಳು ದೊಡ್ಡವಳಾಗಿ ಈಗ ಶಿಬಿರದ ಹೆಸರೆತ್ತಿದರೆ ಮೂಗು ಮುರಿಯುತ್ತಾಳೆ. ಅಜ್ಜಿ ಮಾತ್ರ ಪ್ರತಿ ಬೇಸಿಗೆ ಹಾಜರ್.

ಬೇಸಿಗೆಯಲ್ಲಿ ಅರವತ್ತರ ಆಸುಪಾಸು ಮಕ್ಕಳು ಸೇರುತ್ತಾರೆ. ಮೀನುಗಾರರ ಓಣಿಯವರು, ಬ್ಯಾಂಕಿನವರ ಮಕ್ಕಳು, ಎಲ್ಲರೂ ಒಂದೇ ಬಣ್ಣದ ಟೋಪಿಯಲ್ಲಿ. ಶಾದ್ಲಿಯಾ ಅವರ ಊಟ ಅರ್ಧ ರೊಟ್ಟಿ, ಅದರೊಳಗೆ ಟ್ಯೂನಾ ಮೀನು ಮತ್ತು ಖಾರದ ಹರೀಸಾ ಚಟ್ನಿ. ಅದರಲ್ಲೂ ಪಾಲು ಕೇಳುವವರಿದ್ದಾರೆ. ಸಿಂಹದ ತೂಕ ಎಷ್ಟು, ಆಮೆಯ ಆಯಸ್ಸು ಎಷ್ಟು ಎಂಬುದು ಅವರಿಗೆ ತಿಳಿಯದು. ಅದನ್ನು ಹೇಳಲು ಫಲಕಗಳಿವೆ. ಅವರು ಹೇಳಿಕೊಡುತ್ತಿದ್ದದ್ದು ಒಂದು ಪ್ರಾಣಿಯ ಪಕ್ಕದಲ್ಲಿ ನಿಲ್ಲುವುದು ಹೇಗೆ ಎಂಬುದನ್ನು.

“ಓಡಿ ಹೋಗಿ ತಬ್ಬಿಕೋಬೇಡಿ. ನಿಮ್ಮ ಅಜ್ಜ ನಿಮ್ಮನ್ನ ಹಾಗೆ ತಬ್ಬಿಕೊಂಡ್ರೆ ನಿಮಗೆ ಖುಷಿಯಾಗುತ್ತಾ? ಗಡ್ಡ ಚುಚ್ಚುತ್ತೆ ಅಂತೀರಿ. ಅದಕ್ಕೂ ಹಾಗೇ” ಎನ್ನುತ್ತಿದ್ದರು. ಆಮೇಲೆ ಕಿವಿಯ ಹಿಂದೆ ಎಲ್ಲಿ ಕೆರೆದರೆ ಕುರಿ ಮೈಮರೆಯುತ್ತದೆ ಎಂದು ಒಬ್ಬೊಬ್ಬರ ಬೆರಳು ಹಿಡಿದು ತೋರಿಸುತ್ತಿದ್ದರು.

ಮೃಗಾಲಯದಲ್ಲಿ ಹುಲಿಮರಿ ಹುಟ್ಟಿದರೆ ಪತ್ರಿಕೆಯವರು ಕ್ಯಾಮೆರಾ ಹಿಡಿದು ಓಡಿಬರುತ್ತಾರೆ. ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ ಹುಟ್ಟಿದ್ದು ಒಂದು ಕುರಿಮರಿ, ಅದಕ್ಕೆ ಯಾರೂ ಬರಲಿಲ್ಲ. ತಾಯಿ ಹೆರಿಗೆಯಲ್ಲೇ ಸತ್ತಿತ್ತು. ಮರಿಯ ಹೆಗಲ ಮೇಲೆ ಕಪ್ಪು ಮಚ್ಚೆ, ಮುದುಕರು ಹೊದೆಯುವ ಬರ್ನೂಸ್ ಎಂಬ ಮೇಲಂಗಿಯ ಹಾಗೆ. ಮಕ್ಕಳು ಬರ್ನೂಸ್ ಎಂದೇ ಹೆಸರಿಟ್ಟರು. ಬಾಟಲಿ ಹಿಡಿದು ಹಾಲು ಕುಡಿಸಲು ಸರದಿ ನಿಂತರು. ಆ ಸರದಿಯಲ್ಲಿ ಯಾವಾಗಲೂ ಕೊನೆಗೆ ನಿಲ್ಲುತ್ತಿದ್ದವಳು ಇಸ್ರಾ. ಕೊನೆಗೆ ನಿಂತರೆ ಬಾಟಲಿ ಖಾಲಿಯಾದ ಮೇಲೂ ಮರಿ ತನ್ನ ಬೆರಳು ಚೀಪುತ್ತದೆ ಎಂದು ಅವಳು ಕಂಡುಕೊಂಡಿದ್ದಳು. ಅವಳ ತಂದೆ ಇಲ್ಲ. ತಾಯಿ ನಾಇಮಾ ಬೇರೆಯವರ ಮನೆಗಳ ಮೆಟ್ಟಿಲು ತೊಳೆಯುವವಳು.

ಮರುವರ್ಷ ಬರ್ನೂಸ್ ಸುರುಳಿ ಕೊಂಬಿನ ಟಗರಾಗಿದ್ದ. ಆ ವರ್ಷ ಕುರ್ಬಾನಿಯ ದೊಡ್ಡ ಹಬ್ಬ ಶಿಬಿರದ ಮೊದಲ ವಾರಕ್ಕೇ ಬಂತು. ಊರೆಲ್ಲ ಟಗರುಗಳ ಕೂಗು. ಪ್ರತಿ ಮನೆಯ ಮಾಳಿಗೆಯಲ್ಲಿ, ಅಂಗಳದಲ್ಲಿ, ಸ್ನಾನದ ಮನೆಯಲ್ಲಿ ಕೂಡ ಒಂದೊಂದು ಟಗರು. ಹಬ್ಬದ ಹಿಂದಿನ ದಿನ ಅವುಗಳ ಹಣೆಗೆ ಮದರಂಗಿ ಹಚ್ಚುವುದು ಇಲ್ಲಿಯ ವಾಡಿಕೆ. ಅದು ಕುರ್ಬಾನಿಗೆ ಗೊತ್ತುಮಾಡಿದ ಜೀವ, ಮರ್ಯಾದೆಯಿಂದ ಹೋಗಲಿ ಎಂಬ ಭಾವ. ಮಕ್ಕಳಿಗೆ ಕಂಡದ್ದು ಅಲಂಕಾರ ಮಾತ್ರ. ನಮ್ಮ ಮನೆಯ ಟಗರಿಗೆ ಹಚ್ಚಿದ್ದೇವೆ, ಬರ್ನೂಸ್‌ಗೆ ಮಾತ್ರ ಹಬ್ಬ ಇಲ್ಲವಾ ಎಂದು ಅವರ ತಗಾದೆ. ಅನೀಸ್ ಎಂಬ ಹುಡುಗ ಮನೆಯಿಂದ ಮದರಂಗಿ ಪುಡಿಯನ್ನೇ ಕದ್ದು ತಂದಿದ್ದ.

ಶಾದ್ಲಿಯಾ ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ತಾವೇ ನೀರು ಹಾಕಿ ಕಲಸಿದರು, ಬರ್ನೂಸ್‌ನ ಹಣೆಗೆ ತಮ್ಮ ಅಂಗೈಯಿಂದಲೇ ದುಂಡಗೆ ಹಚ್ಚಿದರು. ಮಕ್ಕಳು ಚಪ್ಪಾಳೆ ಹೊಡೆದರು. ಅಂದು ಮಧ್ಯಾಹ್ನವೇ ಹಬ್ಬದ ರಜೆ.

ಪಕ್ಕದ ಖಾಲಿ ದೊಡ್ಡಿಯಲ್ಲಿ ಊರಿನ ಧರ್ಮಸಂಸ್ಥೆಯೊಂದು ಬಡವರ ಮನೆಗಳಿಗೆ ಹಂಚಲು ದಾನದ ಟಗರುಗಳನ್ನು ಕಟ್ಟಿತ್ತು. ಅದು ಶಾದ್ಲಿಯಾ ಅವರಿಗೆ ಗೊತ್ತಿತ್ತು. ಸಂಜೆ ಲಾರಿ ಬಂತು. ಮೃಗಾಲಯದ ಕುರಿ ಯಾವುದು, ದಾನದ್ದು ಯಾವುದು ಎಂದು ಲಾರಿಯವರು ಕೇಳಿದಾಗ ಕಾವಲುಗಾರ ಹೇಳಿದ: ಹಣೆಯಲ್ಲಿ ಮದರಂಗಿ ಇರುವುದೆಲ್ಲ ನಿಮ್ಮದು. ಲಾರಿಯವರು ಎರಡೂ ದೊಡ್ಡಿ ನೋಡಿ, ಮದರಂಗಿ ಇದ್ದದ್ದನ್ನೆಲ್ಲ ಏರಿಸಿಕೊಂಡು ಹೋದರು.

ರಜೆ ಮುಗಿದು ಮಕ್ಕಳು ಬರುವ ಬೆಳಿಗ್ಗೆ ದೊಡ್ಡಿಯಲ್ಲಿ ಬರ್ನೂಸ್ ಇರಲಿಲ್ಲ. ಶಿಬಿರದ ಮುಖ್ಯಸ್ಥೆ ಮಾದಾಮ್ ಸಿಹೆಮ್ ಕೆಟ್ಟವರಲ್ಲ. ವಿಚಾರ ಗೊತ್ತಾದಾಗಿನಿಂದ ಅವರ ಕಣ್ಣೂ ಕೆಂಪಾಗಿತ್ತು. ರಾಜಧಾನಿಯ ದೊಡ್ಡ ಮೃಗಾಲಯಕ್ಕೆ ಕಳಿಸಿದ್ದೇವೆ ಅನ್ನೋಣ, ಎರಡು ದಿನದಲ್ಲಿ ಮಕ್ಕಳು ಮರೆಯುತ್ತಾರೆ ಎಂದರು.

“ಮರೆಯಲ್ಲ ಮಾದಾಮ್. ಅಲ್ಲಿಗೆ ಕರ್ಕೊಂಡು ಹೋಗಿ ಅಂತಾರೆ. ಆಗ ಇನ್ನೊಂದು ಸುಳ್ಳು ಹುಡುಕ್ಬೇಕು” ಎಂದರು ಶಾದ್ಲಿಯಾ.

ಅವರು ನೀರಿನ ತೊಟ್ಟಿಯ ಅಂಚಿನ ಮೇಲೆ ಕುಳಿತು, ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಬಲಗೈ ಬಿಚ್ಚಿ ತೋರಿಸಿದರು. ಅಂಗೈ ಇನ್ನೂ ಕೆಂಪಗಿತ್ತು. “ಈ ಕೈ ಮದರಂಗಿ ಹಚ್ಚಿತು. ಅದನ್ನ ನೋಡಿ ದಾನದ ಟಗರು ಅಂತ ಬರ್ನೂಸ್‌ನ ತಗೊಂಡು ಹೋದ್ರು. ಹಬ್ಬದ ದಿನ ಒಂದು ಮನೆಯವರು ಕುರ್ಬಾನಿ ಕೊಟ್ರು. ತಪ್ಪು ನಂದು. ಬೇರೆ ಯಾರದ್ದೂ ಅಲ್ಲ.”

ಕೆಲವರು ಅತ್ತರು. ಅನೀಸ್ ಮಾತ್ರ ಎದ್ದು ನಿಂತು ಕೇಳಿದ: “ಹಾಗಾದ್ರೆ ಬರ್ನೂಸ್‌ನ ತಿಂದೋರು ಯಾರು?”

“ಹಬ್ಬಕ್ಕೆ ಮಾಂಸ ಇಲ್ದೋರು ತಿಂದ್ರು. ಅಷ್ಟು ಸಾಕು ನಿನಗೆ.”

ಹಿಂದಿನ ಸಾಲಿನಿಂದ ಇಸ್ರಾ ಹೇಳಿದಳು: “ನಾವು.”

ಆ ಒಂದು ಮಾತು ಸಾಕಾಯಿತು. ಮರುದಿನ ಚಾಪೆಯ ಮೇಲೆ ಅವಳ ಪಕ್ಕ ಯಾರೂ ಕೂರಲಿಲ್ಲ. ಅನೀಸ್ ಅವಳ ಹಿಂದೆ ಕುರಿಯ ಹಾಗೆ ಕೂಗಿದ, ಉಳಿದವರು ನಕ್ಕರು. ‘ತಿಂದೋಳು’ ಎಂಬ ಹೆಸರು ಅಂಟಿಕೊಂಡಿತು. ಮೂರನೆಯ ದಿನ ಇಸ್ರಾ ಬರಲಿಲ್ಲ. ಮಕ್ಕಳ ಮುಂದೆ ಕೊಲ್ಲುವ, ತಿನ್ನುವ ಮಾತು ಆಡಿದ್ದೇಕೆ ಎಂದು ಕೆಲವು ಅಪ್ಪ-ಅಮ್ಮಂದಿರು ಜಗಳಕ್ಕೆ ಬಂದರು. ಅದೇ ಜನ ವಾರದ ಹಿಂದೆ ಮಕ್ಕಳ ಎದುರಿಗೇ ಟಗರು ಸುಲಿದಿದ್ದರು, ಅದು ಬೇರೆ ವಿಷಯ. ಶಾದ್ಲಿಯಾ ನಲ್ಲಿಗೆ ಬಂದದ್ದು ಹೀಗೆ.

“ಸತ್ಯ ಹೇಳಿದ್ದಕ್ಕೆ ಬೇಜಾರಿಲ್ಲ. ಆದ್ರೆ ಹೇಳೋ ಮೊದ್ಲು ಅದು ಯಾರ ತಲೆ ಮೇಲೆ ಬೀಳುತ್ತೆ ಅಂತ ನಾನು ನೋಡ್ಲಿಲ್ಲ. ಬರ್ನೂಸ್ ಯಾರ ಮನೆಗೆ ಹೋದ ಅಂತ ಒಂದು ಮಾತು ವಿಚಾರಿಸಬೇಕಿತ್ತು. ವಿಚಾರಿಸಲಿಲ್ಲ” ಎನ್ನುತ್ತಾರೆ ಅವರು. ಮದರಂಗಿಗಿಂತ ಈ ತಪ್ಪೇ ಅವರನ್ನು ಹೆಚ್ಚು ತಿಂದಿದೆ.

ಒಂದು ಶುಕ್ರವಾರ ಅವರು ಕುಸ್ಕುಸ್ ಮಾಡಿ, ತಟ್ಟೆ ತುಂಬ ಹಾಕಿಕೊಂಡು, ನಾಇಮಾಳ ಬಾಗಿಲು ತಟ್ಟಿದರು. ನಾಇಮಾ ಬಾಗಿಲನ್ನು ಅರ್ಧವೇ ತೆರೆದಳು.

“ಏನು, ದಾನ ಕೊಟ್ಟಿದ್ದನ್ನ ವಾಪಸ್ ಕೇಳೋಕೆ ಬಂದ್ರಾ? ತಿಂದಾಗಿದೆ. ಎಲ್ಲಿಂದ ತಂದುಕೊಡ್ಲಿ?”

“ಇಲ್ಲ ತಂಗಿ. ಹುಡುಗೀನ ನೋಡ್ಕೊಂಡು ಹೋಗೋಣ ಅಂತ...”

“ನನ್ನ ಮನೆಗೆ ಹಬ್ಬಕ್ಕೆ ಟಗರು ಬಂದಿದ್ದು ಅದೇ ಮೊದಲು. ಇಡೀ ಓಣಿಗೇ ಪಾಲು ಕಳಿಸಿದ್ದೆ. ನನ್ನ ಜನ್ಮದಲ್ಲಿ ಒಂದು ಸಲ ಕೊಡೋ ಕೈ ಆಗಿದ್ದೆ. ಈಗ ನಮ್ಮನ್ನ ಕಂಡ್ರೆ ಮಕ್ಕಳು ಮ್ಯಾ ಮ್ಯಾ ಅಂತಾವೆ.”

ಬಾಗಿಲು ಮುಚ್ಚಿತು. ಶಾದ್ಲಿಯಾ ತಟ್ಟೆಯನ್ನು ಹೊಸ್ತಿಲ ಮೇಲೆ ಇಟ್ಟು ಬಂದರು. ಎರಡು ದಿನದ ಮೇಲೆ ತಟ್ಟೆ ಮನೆಗೆ ಬಂತು. ತೊಳೆದು, ಒರೆಸಿ, ಬರಿದಾಗಿ. ಈ ಊರಲ್ಲಿ ನೆರೆಯವರ ತಟ್ಟೆಯಲ್ಲಿ ನಾಲ್ಕು ಬಾದಾಮಿಯಾದರೂ ಇಟ್ಟು ಹಿಂದಿರುಗಿಸುತ್ತಾರೆ. ಖಾಲಿ ತಟ್ಟೆ ಕೊಟ್ಟರೆ ಮುಖಕ್ಕೆ ಹೊಡೆದ ಹಾಗೆ. ಮುಂದಿನ ಶುಕ್ರವಾರ ಶಾದ್ಲಿಯಾ ಮತ್ತೆ ತುಂಬಿ ಕಳಿಸಿದರು. ಮತ್ತೆ ಖಾಲಿ ಬಂತು. ಚಳಿಗಾಲವೆಲ್ಲ ಹೀಗೇ ನಡೆಯಿತು. ನಿನಗೆ ಮಾನ ಇಲ್ವಾ ಅಮ್ಮ ಎಂದು ಮಗಳು ಗದರಿದಳು. ಮಾನ ನೋಡ್ತಾ ಕೂತ್ರೆ ಹುಡುಗಿ ಬರಲ್ಲ ಎಂದು ಇವರು ಉತ್ತರ ಕೊಟ್ಟರು. ವಸಂತದ ಒಂದು ದಿನ ತಟ್ಟೆಯಲ್ಲಿ ಎರಡು ನಿಂಬೆಹಣ್ಣು ಬಂದವು. ಅವನ್ನು ಹಿಂಡಲು ಮನಸ್ಸಾಗದೆ ಒಣಗುವವರೆಗೂ ಕಿಟಕಿಯ ಮೇಲೆ ಇಟ್ಟುಕೊಂಡಿದ್ದರು.

ಈ ವರ್ಷ ಹಬ್ಬ ಮುಗಿದ ಮೇಲೆ ಶಿಬಿರ ಶುರುವಾಯಿತು. ಮೊದಲ ದಿನ ಇಸ್ರಾ ಬರಲಿಲ್ಲ. ಎರಡನೆಯ ದಿನವೂ ಇಲ್ಲ. ಮೊದಲ ವಾರವೇ ಕಳೆಯಿತು. ಒಂದು ಬೆಳಿಗ್ಗೆ, ಬೇರೆ ಮಕ್ಕಳು ಬರಲು ಇನ್ನೂ ಹೊತ್ತಿದ್ದಾಗ, ಹಿಂಬಾಗಿಲ ಹತ್ತಿರ ಅವಳು ನಿಂತಿದ್ದಳು. ಉದ್ದವಾಗಿದ್ದಳು. ತಲೆಯ ಮೇಲೆ ಶಿಬಿರದ ಟೋಪಿ ಇರಲಿಲ್ಲ. ಶಾದ್ಲಿಯಾ ಓಡಿಹೋಗಿ ತಬ್ಬಿಕೊಳ್ಳಲಿಲ್ಲ. ನಲ್ಲಿ ಉಜ್ಜುತ್ತಲೇ ಇದ್ದರು. ಬ್ರಷ್ಷನ್ನು ಮಾತ್ರ ತಲೆಕೆಳಗಾಗಿ ಹಿಡಿದಿದ್ದರು ಎಂದು ಪಕ್ಕದಲ್ಲೇ ಗಾಡಿ ನಿಲ್ಲಿಸಿಕೊಂಡಿದ್ದ ಹಮ್ಮಾದಿ ಹೇಳುತ್ತಾನೆ.

“ಖಾಲ್ತಿ, ಕೈ ತೊಳ್ಕೊಳ್ಲಾ?” ಎಂದಳು ಇಸ್ರಾ. ಇಲ್ಲಿಯ ಮಕ್ಕಳೆಲ್ಲ ಅವರನ್ನು ಕರೆಯುವುದು ಹಾಗೇ, ಖಾಲ್ತಿ, ಚಿಕ್ಕಮ್ಮ.

“ತೊಳ್ಕೋ.”

ಅವಳು ಬಹಳ ಹೊತ್ತು ತೊಳೆದಳು. ನೀರು ನಿಲ್ಲಿಸದೆಯೇ ಮಾತು ಶುರು ಮಾಡಿದಳು.

“ಖಾಲ್ತಿ, ಅವನು ನಮ್ಮನೆಗೆ ಬಂದಾಗಲೇ ನಂಗೆ ಗುರುತು ಸಿಕ್ತು. ಅವನಿಗೂ ಸಿಕ್ತು. ಬಂದ ಕೂಡ್ಲೆ ನನ್ನ ಜೇಬಿಗೆ ಮೂತಿ ಹಾಕಿದ. ಅಮ್ಮ ನಗ್ತಿದ್ರು. ಅಕ್ಕಪಕ್ಕದವರೆಲ್ಲ ಬಂದು ಮುಬಾರಕ್ ಅಂತಿದ್ರು. ಅಪ್ಪ ಹೋದ ಮೇಲೆ ಅಮ್ಮ ಹಾಗೆ ನಕ್ಕಿರ್ಲಿಲ್ಲ. ನಾನು ಹೇಳ್ಲಿಲ್ಲ.”

ಶಾದ್ಲಿಯಾ ಬ್ರಷ್ಷನ್ನು ಕೆಳಗಿಟ್ಟರು.

“ಬೆಳಿಗ್ಗೆ ಕಟುಕ ಬಂದಾಗ ಅವನು ಒದ್ದಾಡಿದ. ಇಬ್ರು ಹಿಡಿದ್ರೂ ನಿಲ್ಲಲಿಲ್ಲ. ನಾನು ಹೋಗಿ ಕಿವಿ ಹಿಂದೆ ಕೆರೆದೆ, ನೀವು ತೋರಿಸಿದ ಜಾಗದಲ್ಲೇ. ಸುಮ್ಮನಾದ. ನನ್ನ ನಂಬಿ ಮಲಗಿಬಿಟ್ಟ ಖಾಲ್ತಿ. ಅದಕ್ಕೇ ಅವರಿಗೆ ಸುಲಭ ಆಯ್ತು.”

ತಿಂದದ್ದಕ್ಕಲ್ಲ, ಇದಕ್ಕಾಗಿ ಆ ಮಗು ಒಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡಿತ್ತು. ಶಾದ್ಲಿಯಾ ಒದ್ದೆ ಕಲ್ಲಿನ ಮೇಲೆ ಕುಳಿತರು. ಬಾಯಿಗೆ ಬಂದದ್ದು ಸಮಾಧಾನದ ಮಾತಲ್ಲ, ಅವರದೇ ಸಂಕಟ.

“ಇಸ್ರಾ, ಒಂದು ಕೇಳ್ತೀನಿ. ಇದನ್ನ ಕೇಳೋಕೆ ನಂಗೆ ಯಾರೂ ಸಿಕ್ಕಿರ್ಲಿಲ್ಲ. ಅವನು ಹೆದರಿದ್ನಾ?”

“ಮೊದ್ಲು ಹೆದರಿದ್ದ.”

“ಆಮೇಲೆ?”

“ಆಮೇಲೆ ಇಲ್ಲ. ಅವನಿಗೆ ನಿದ್ದೆ ಬರ್ತಿದ್ದಾಗ ಕಣ್ಣು ಅರ್ಧ ಮುಚ್ತಿದ್ನಲ್ಲ, ಹಾಗಿದ್ದ.”

ಶಾದ್ಲಿಯಾ ಅತ್ತುಬಿಟ್ಟರು. ಗಂಡ ಸತ್ತಾಗಲೂ ಬೀದಿಯಲ್ಲಿ ಅಳದ ಹೆಂಗಸು. “ಗುರುತಿಲ್ಲದ ಜನರ ಮಧ್ಯೆ ಒಬ್ಬನೇ ಹೆದರಿ ಸತ್ತ, ನನ್ನ ಕೈಯಿಂದ ಹಾಗಾಯ್ತು ಅಂತ ಒಂದು ವರ್ಷದಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲ ಮಗಳೇ. ನೀನಿದ್ದೆಯಲ್ಲ ಅಲ್ಲಿ. ಅವನನ್ನ ಸಾಯಿಸಿದ್ದು ನೀನಲ್ಲ. ಕಟುಕ ಕತ್ತಿ ಹಿಡಿದ ಮೇಲೆ ಅವನು ಒದ್ದಾಡಿದ್ರೂ ಸಾಯ್ತಿದ್ದ, ನೋವು ಪಟ್ಟು ಸಾಯ್ತಿದ್ದ. ನೀನು ಅವನ ಹೆದರಿಕೆ ತೆಗೆದೆ. ನನ್ನದೂ ಇವತ್ತು ತೆಗೆದೆ.”

ಇಸ್ರಾ ಆಗ ನೀರು ನಿಲ್ಲಿಸಿದಳು. ಒದ್ದೆ ಕೈಯನ್ನು ಅವರ ಹೆಗಲ ಬಟ್ಟೆಗೆ ಒರೆಸಿಕೊಂಡಳು, ಆಮೇಲೆ ಆ ಹೆಗಲ ಮೇಲೇ ಮುಖವಿಟ್ಟಳು. ಹಮ್ಮಾದಿ ಗಾಡಿ ತಿರುಗಿಸಿಕೊಂಡು ಬೇರೆ ದಾರಿಯಲ್ಲಿ ಹೋದ.

ಮಕ್ಕಳ ಬಸ್ಸು ಬಂದಾಗ ಶಾದ್ಲಿಯಾ ಇಸ್ರಾಳ ಕಿವಿಯಲ್ಲಿ ಕೇಳಿದರು: “ಇವರಿಗೆ ಹೇಳ್ಲಾ? ನೀನು ಬೇಡ ಅಂದ್ರೆ ನನ್ನ ಜೊತೇನೇ ಮಣ್ಣಿಗೆ ಹೋಗುತ್ತೆ.” ಅವಳು ಸ್ವಲ್ಪ ಯೋಚಿಸಿ, ನಾನೇ ಹೇಳ್ತೀನಿ ಎಂದಳು. ಹೇಳಿದಳು. ನಲ್ಲಿಯ ಮುಂದಿನ ಸಾಲು ನಿಂತಲ್ಲೇ ನಿಂತಿತು. ಅನೀಸ್ ತಲೆ ಬಗ್ಗಿಸಿ, ತೊಳೆದ ಕೈಯನ್ನೇ ಮತ್ತೆ ತೊಳೆಯುತ್ತಿದ್ದ. ಬಿಡುವಿನಲ್ಲಿ ತನ್ನ ಕರಿದ ಸಿಹಿ ತಿಂಡಿ ಬಂಬಲೂನಿಯ ಅರ್ಧ ಮುರಿದು, ಸಕ್ಕರೆ ಹೆಚ್ಚಿದ್ದ ಕಡೆಯ ಪಾಲನ್ನು ಅವಳಿಗೆ ಕೊಟ್ಟ. ಕ್ಷಮೆ ಕೇಳು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಈಗ ಇಸ್ರಾ ದಿನವೂ ಬರುತ್ತಾಳೆ. ಈ ವರ್ಷ ಹುಟ್ಟಿದ ಕುರಿಮರಿಯ ಹತ್ತಿರ ಚಿಕ್ಕ ಮಕ್ಕಳನ್ನು ಕರೆದೊಯ್ದು, ಒಬ್ಬೊಬ್ಬರ ಬೆರಳು ಹಿಡಿದು ಕಿವಿಯ ಹಿಂದಿನ ಜಾಗ ತೋರಿಸುತ್ತಾಳೆ. ನಾಇಮಾ ಒಮ್ಮೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಬೇಲಿಯ ಆಚೆ ನಿಂತು ಅದನ್ನು ನೋಡಿದಳು. ಶಾದ್ಲಿಯಾ ಅವರಿಗೆ ತಲೆ ಬಾಗಿಸಿಯೇ ಸಲಾಮು ಮಾಡಿ ಹೋದಳು. ನೀವೂ ದೊಡ್ಡಿಗೆ ವಾಪಸ್ ಬನ್ನಿ ಎಂದು ಮಾದಾಮ್ ಸಿಹೆಮ್ ಕರೆದಿದ್ದಾರೆ. ಮಂಡಿ ಬಗ್ಗಲ್ಲ, ಅಲ್ಲಿಗೆ ಅವಳೇ ಸಾಕು ಎಂದು ಶಾದ್ಲಿಯಾ ಹೇಳಿದ್ದಾರೆ. ಮಂಡಿ ಬಗ್ಗಿಸಿ ನಲ್ಲಿಯ ಕೆಳಗಿನ ಪಾಚಿ ಉಜ್ಜುವುದನ್ನು ಮಾತ್ರ ಬಿಟ್ಟಿಲ್ಲ.

ನಿಮಗೇನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಅವರು ಬೆರಳು ಮಡಚಿ ಏನೋ ಎಣಿಸುತ್ತಾರೆ.

“ಹಬ್ಬ ಚಂದ್ರನ ಜೊತೆ ನಡೆಯೋದು ನೋಡಿ, ವರ್ಷವರ್ಷವೂ ಹಿಂದೆ ಹಿಂದೆ ಸರಿಯುತ್ತೆ. ಚಳಿಗಾಲ ಎಲ್ಲ ಸುತ್ಕೊಂಡು ಅದು ಮತ್ತೆ ಈ ಶಿಬಿರದ ದಿನಕ್ಕೆ ಬರೋಕೆ ಮೂವತ್ತು ವರ್ಷದ ಮೇಲೇ ಬೇಕು. ಆಗ ನಾನಿರಲ್ಲ. ಇಸ್ರಾಗೆ ನಲವತ್ತು ದಾಟಿರುತ್ತೆ. ಯಾರೋ ಒಂದು ಮಗು ಮದರಂಗಿ ತಂದು, ಖಾಲ್ತಿ ನಮ್ಮ ಟಗರಿಗೂ ಹಚ್ಚಿ ಅಂತ ಅವಳ ಮುಂದೆ ನಿಲ್ಲುತ್ತೆ, ಮಕ್ಕಳಲ್ವಾ. ಆ ಮಗೂಗೆ ಏನು ಹೇಳ್ಬೇಕು ಅಂತ ಅವಳಿಗೆ ಗೊತ್ತಿರುತ್ತೆ.”